ಕಾಲು ಮುಂದಾಗಿ ಹುಟ್ಟಿದವಳು

ಎಲ್ಲರೂ ತಲೆ ಮುಂದಾಗಿ ಹುಟ್ಟಿದರೆ ನಾನು ಕಾಲು ಮುಂದಾಗಿ ಹುಟ್ಟಿದೆ. ನಮ್ಮ ಕಡೆ ಅಂಥವರು ಒದ್ದರೆ ಸೊಂಟದ ಉಳುಕು ಬಿಟ್ಟುಹೋಗುತ್ತದೆ ಎಂಬ ನಂಬಿಕೆ. ಹಾಗಾಗಿ ಲಂಗ ಉಡುವ ವಯಸ್ಸಿಗೇ ನನಗೊಂದು ಉದ್ಯೋಗ ಸಿಕ್ಕಿಬಿಟ್ಟಿತ್ತು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಯಾರಾದರೂ ಬಂದು ನಡುಮನೆಯಲ್ಲಿ ಬೋರಲು ಮಲಗುತ್ತಿದ್ದರು. ಬಲಗಾಲಿನಿಂದ ಮೆಲ್ಲಗೆ ಮೂರು ಸಲ ಒದೆಯಬೇಕು. ಮಲಗಿದವರು ಹಿರಿಯರಾದರೆ, ಕಾಲು ತಾಗಿಸಿದ ಪಾಪ ಕಳೆಯಲು ಆಮೇಲೆ ಅವರಿಗೆ ಅಡ್ಡಬೀಳಬೇಕು. ಮಂಡಿ ಮೊಹಲ್ಲಾದ ಬೆಲ್ಲದ ವ್ಯಾಪಾರಿಗಳ ಮನೆಯಿಂದ ಹೆಣ್ಣು ನೋಡಲು ಬಂದವರು ನನ್ನ ಮುಖಕ್ಕಿಂತ ಪಾದವನ್ನೇ ಹೆಚ್ಚು ನೋಡಿದರು. ದಿನಾ ಮೂಟೆ ಎತ್ತುವ ಗಂಡಸರಿದ್ದ ಮನೆ ಅದು, ಇಂಥ ಸೊಸೆ ಉಪಯೋಗಕ್ಕೆ ಬರುತ್ತಾಳೆ ಎಂದುಕೊಂಡೇ ನನ್ನನ್ನು ತಂದುಕೊಂಡಿರಬೇಕು.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದಾಗ, ತುಂಬಿದ ಹಂಡೆ ಸರಿಸಲು ಬಗ್ಗಿದವಳು ಮತ್ತೆ ನೆಟ್ಟಗಾಗಲಿಲ್ಲ. ರೈಲಿನಲ್ಲಿ ಮಲಗಿಸಿಕೊಂಡು ದೂರದ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ನರವನ್ನು ಒತ್ತುತ್ತಿದೆ ಎಂದು ಹೇಳಿ ಕೊಯ್ದು ತೆಗೆದರು. ಕೆಲವು ತಿಂಗಳು ಚೆನ್ನಾಗಿದ್ದೆ. ಆಮೇಲೆ ಶುರುವಾಯಿತು ನೋಡಿ ಉರಿ! ಸೊಂಟದಿಂದ ಹೊರಟು ಬಲತೊಡೆಯ ಹಿಂದೆ ಇಳಿದು, ಮೀನಖಂಡ ಹಾದು, ಹೆಬ್ಬೆರಳಿನವರೆಗೂ ಖಾರ ಅರೆದು ಮೆತ್ತಿದ ಹಾಗೆ. ಸೀರೆಯ ನೆರಿಗೆ ತಾಗಿದರೂ ಜೀವ ಹೋಗುತ್ತಿತ್ತು. ಕೂತರೆ ನಿಲ್ಲಬೇಕು, ನಿಂತರೆ ಮಲಗಬೇಕು, ಮಲಗಿದರೆ ಎದ್ದು ಓಡಬೇಕು ಅನಿಸುತ್ತಿತ್ತು.

ಇನ್ನೊಮ್ಮೆ ಅದೇ ಡಾಕ್ಟರ ಹತ್ತಿರ ಹೋದೆವು. ನಮ್ಮ ಮನೆಯವರು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು: "ನೋಡಿ, ಗಾಯ ಮಾಗಿದೆ. ಹೊರಗೂ ಮಾಗಿದೆ, ಒಳಗೂ ಮಾಗಿದೆ. ಒಳಗೆ ಮಾಗಿದ ಕಡೆ ಗಂಟುಗಟ್ಟಿ ನರಕ್ಕೆ ಹಲಸಿನ ಮೇಣದ ಹಾಗೆ ಅಂಟಿಕೊಂಡುಬಿಟ್ಟಿದೆ. ಅದನ್ನ ಬಿಡಿಸೋಕೆ ಮತ್ತೆ ಕೊಯ್ದರೆ ಮತ್ತೆ ಅಂಟುತ್ತೆ. ನೀರು ಹೊತ್ತು ತರಬಾರದು, ಬಗ್ಗಬಾರದು, ನೆಲದ ಮೇಲೆ ಕೂತು ಬೀಸಬಾರದು." ಇವರು ತಲೆಯಾಡಿಸಿದರು.

ಮನೆಗೆ ಬಂದು ಇವರು ಎಲ್ಲವನ್ನೂ ಒಪ್ಪಿಸಿದರೆ, ಅತ್ತೆ ಒಂದೇ ಪದವನ್ನು ಹಿಡಿದುಕೊಂಡರು. "ಮಾಗ್ಯದೆ ಅಂತ ಡಾಕ್ಟ್ರೇ ಏಳವ್ರೆ. ಮಾಗಿದ್ಮೇಲೆ ನೋವು ಎಲ್ಲಿಂದ ಬಂದದು? ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ!" ಬೀದಿಯ ಹೆಂಗಸರನ್ನು ಕೂರಿಸಿಕೊಂಡು ನನ್ನ ಸೆರಗು ಸರಿಸಿ ಬೆನ್ನಿನ ಕಲೆಯನ್ನು ತೋರಿಸುತ್ತಿದ್ದರು. "ನೋಡ್ರಮ್ಮ, ಎಷ್ಟು ಚೆಂದಾಗಿ ಕೂಡ್ಕೊಂಡದೆ." ಅವರೂ ಹೌದು ಹೌದು ಅನ್ನುತ್ತಿದ್ದರು. ಥೂ, ಆ ಹೊತ್ತಿನಲ್ಲಿ ಆ ಗಾಯ ಕೊಳೆತು ನಾರಬಾರದೇ ಅನಿಸುತ್ತಿತ್ತು ನನಗೆ.

ಆದರೂ ಇವರು ಒಂದು ದಿನ ಬಾಯಿ ಬಿಟ್ಟರು. "ನೀರಿಗೂ ರಾಗಿ ಬೀಸಕ್ಕೂ ಒಬ್ಬಳನ್ನ ಇಟ್ಕೊಳ್ಳಾಣ ಕಣವ್ವ," ಎಂದರು. ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದು ಕೊನೆಗೆ ಹೂಂ ಅಂದರು. ಹಿಂದಿನ ಬೀದಿಯ ಹೆಂಗಸೊಬ್ಬಳು ಸೋಮವಾರದಿಂದ ಬರುವುದೆಂದಾಯಿತು. ಆ ಸೋಮವಾರಕ್ಕೆ ನಾನು ಕಾದ ಹಾಗೆ ಯಾವ ಹಬ್ಬಕ್ಕೂ ಕಾದಿರಲಿಲ್ಲ. ಬೀದಿ ನಲ್ಲಿಯಿಂದ ಬಿಂದಿಗೆ ಹೊತ್ತು ಬರುವುದೊಂದು ತಪ್ಪಿದರೆ ಬದುಕಿಕೊಂಡೇನು ಅನಿಸಿತ್ತು.

ಶನಿವಾರ ಅತ್ತೆ ಸೀನಿದರು. ಸೀನಿದ್ದಷ್ಟೇ, ಸೊಂಟ ಹಿಡಿದುಕೊಂಡಿತು.

ಭಾನುವಾರ ಬೆಳಗ್ಗೆ ಚಾಪೆಯ ಮೇಲೆ ಬೋರಲು ಮಲಗಿ ಕೂಗಿದರು, "ಬಾರಮ್ಮಿ, ಒದ್ದುಬುಡು."

"ಅತ್ತೆಮ್ಮ, ಬಲಗಾಲು ಎತ್ತಕ್ಕಾಗಲ್ಲ. ಎಡಗಾಲಲ್ಲಿ ಒದೀಲಾ?"

"ಎಡಗಾಲಲ್ಲಿ ಒದ್ದು ಮನೆಗೆ ಕೇಡು ತಂದೀಯ? ಊರೋರ್ಗೆಲ್ಲಾ ಒದ್ದೋಳು, ನಂಗ್ ಮಾತ್ರ ಆಗಲ್ವ?"

ಇವರು ಬಾಗಿಲಲ್ಲಿ ನಿಂತಿದ್ದರು. "ಒದ್ದುಬುಡೇ, ಅದೇನು ಬೆಟ್ಟ ಹೊರಬೇಕಾ?"

ಬೇಡವೆಂದರೆ ಅತ್ತೆ ಮುನಿದು ಸೋಮವಾರದ ಹೆಂಗಸನ್ನು ಬರಗೊಡುವುದಿಲ್ಲ ಎಂದು ಹೆದರಿದೆ. ಕಂಬ ಹಿಡಿದುಕೊಂಡು ಕಾಲೆತ್ತಿದೆ. ಮೊದಲ ಒದೆಗೇ ಕಣ್ಣು ಕತ್ತಲೆ ಬಂತು. ಮಿಕ್ಕ ಎರಡನ್ನು ಹೇಗೆ ಒದ್ದೆನೋ ಆ ಶಿವನೇ ಬಲ್ಲ. ಅಷ್ಟಕ್ಕೇ ಮುಗಿಯಲಿಲ್ಲವಲ್ಲ, ಅತ್ತೆಗೆ ಒದ್ದ ಪಾಪಕ್ಕೆ ಅಡ್ಡಬೀಳಬೇಕು! ಬಿದ್ದೆ. ಬಿದ್ದವಳಿಗೆ ಏಳಲಾಗಲಿಲ್ಲ. ಅವರ ಪಾದದ ಹತ್ತಿರ ಹಣೆ ಊರಿಕೊಂಡು, ಕೂಗು ಹೊರಬರದಂತೆ ಸೆರಗು ಕಚ್ಚಿಕೊಂಡು ಬಿದ್ದಿದ್ದೆ.

"ಸಾಕು ಏಳಮ್ಮಿ, ಭಕ್ತಿ ಜಾಸ್ತಿ ಆಯ್ತು," ಎಂದು ಅತ್ತೆ ನಕ್ಕರು. ಇವರೂ ನಕ್ಕರು.

ಉಳುಕು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಸೋಮವಾರ ಬೆಳಗ್ಗೆ ಅತ್ತೆ ಸಲೀಸಾಗಿ ಎದ್ದು ಓಡಾಡುತ್ತಿದ್ದರು. ಹಿಂದಿನ ಬೀದಿಯ ಹೆಂಗಸು ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಅತ್ತೆ ಅವಳನ್ನು ಹೊಸಲಿನಾಚೆಯೇ ತಡೆದರು.

"ಬ್ಯಾಡ ಕಣಮ್ಮ, ಓಗು. ನಮ್ ಸೊಸೆ ಕಾಲು ಗಟ್ಟಿಮುಟ್ಟಾಗದೆ. ನೆನ್ನೆ ಒದ್ದ ಒದೆಗೆ ನಾನೇ ಎದ್ದು ಕೂತಿವ್ನಿ."

ಆ ಹೆಂಗಸು ಗೊಣಗಿಕೊಂಡು ಹೊರಟುಹೋದಳು. ನಾನು ಗೋಡೆ ಹಿಡಿದುಕೊಂಡು ಇವರ ಮುಖ ನೋಡಿದೆ. ಅಂಗಡಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಅವ್ವನ್ನೇ ಒದ್ದು ಎಬ್ಬಿಸಿದ ಕಾಲು, ನಲ್ಲಿ ಗಂಟ ಓಗಕ್ಕಿಲ್ವ?" ಎಂದರು. ತಮಾಷೆಗೂ ಅಲ್ಲ, ಸಿಟ್ಟಿನಿಂದಲೂ ಅಲ್ಲ. ನಿಜವಾಗಿ ಕೇಳಿದರು.

ಬಿಂದಿಗೆ ಎತ್ತಿಕೊಂಡು ಹೊರಟೆ. ಅತ್ತೆಯ ಮೇಲೆ ಸಿಟ್ಟಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವರು ಡಾಕ್ಟರ ಮುಂದೆ ಕೂತವರಲ್ಲ. ಇವರು ನನ್ನ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರು.