ಸೀಟಿನ ಕೆಳಗಿನ ಅಕ್ಷತೆ

ಗೆಳೆಯರೇ, ಇವತ್ತು ನಮ್ಮ ಕಾರನ್ನು ಗಿಲ್‌ರಾಯ್ ಪಟ್ಟಣದಲ್ಲಿರುವ ಪರಿಚಯದ ರಫೀಕ್ ಅವರ ಮನೆಯ ಗ್ಯಾರೇಜಿನಲ್ಲಿ ಮಲಗಿಸಿ ಬಂದೆವು. ನಾನಿದ್ದ ಡಾಟ್‌ಕಾಮ್ ಕಂಪನಿ ಮುಚ್ಚಿಹೋಗಿದೆ. ನಾಳೆ ಊರಿಗೆ ವಿಮಾನ, ಹೊಸ ವೀಸಾ ಸಿಕ್ಕರಷ್ಟೇ ಈ ದೇಶಕ್ಕೆ ವಾಪಸು. ಎಷ್ಟು ತಿಂಗಳೋ ಗೊತ್ತಿಲ್ಲ. ಹಾಗಾಗಿ ಬ್ಯಾಟರಿ ವೈರು ಬಿಚ್ಚಿದೆ, ಟೈರು ನೆಲಕ್ಕೆ ತಾಗದಂತೆ ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆ. ಇಲಿ ನುಗ್ಗಬಾರದೆಂದು ಸೈಲೆನ್ಸರಿನ ಬಾಯಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನೂ ತುರುಕಿದೆ.

ಇನ್ನೇನು ಹೊದಿಕೆ ಎಳೆಯಬೇಕು, ಹೆಂಡತಿ ಸುಧಾ ಮೆಲ್ಲಗೆ ಅಂದಳು, "ಸೀಟಿನ ಕೆಳಗೆ ಅಕ್ಷತೆ, ಒಂದಚ್ಚು ಬೆಲ್ಲ ಇಟ್ಟಿದೀನಿ. ನಾವು ವಾಪಸ್ ಬರೋ ಹಾಗಾಗ್ಲಿ ಅಂತ."

ಹುಬ್ಬಳ್ಳಿಯ ರಫೀಕ್ ತಲೆಯ ಮೇಲೆ ಕೈ ಹೊತ್ತರು. "ಇಲಿಗೆ ಬಾಗಿಲಾ ಬಂದ್ ಮಾಡಿ, ಒಳಗ ಊಟಾ ಬಡಿಸಿಟ್ಟೀರಲ್ರೀ ಅಕ್ಕಾರ!"

ನಾನು ಸಿಟ್ಟಿನಿಂದ ಸೀಟಿನ ಕೆಳಗೆ ಕೈ ಹಾಕಿದೆ.

"ತೆಗೀರಿ, ತೆಗೀರಿ. ಆಮೇಲೆ ವೀಸಾ ಸಿಗಲಿಲ್ಲ ಅಂದ್ರೆ ನನ್ನ ಕೇಳ್ಬೇಡಿ," ಎಂದಳು ಸುಧಾ.

ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೂ ಅಕ್ಷತೆ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು.

ಕೊನೆಗೆ ರಫೀಕ್ ಅವರೇ ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟರು. ಅಕ್ಷತೆ, ಬೆಲ್ಲ ಎರಡನ್ನೂ ಅದರಲ್ಲಿ ಹಾಕಿ ಮತ್ತೆ ಸೀಟಿನ ಕೆಳಗಿಟ್ಟೆವು. ಮುಚ್ಚಳ ಬಿಗಿಯಾಗಿದೆಯೇ ಎಂದು ಮತ್ತೆ ಮತ್ತೆ ಒತ್ತಿ ನೋಡಿದವನು ನಾನೇ.

ಇಲಿ ಬರುವ ದಾರಿಗಳನ್ನೆಲ್ಲ ಮುಚ್ಚಿ ಬಂದಿದ್ದೇನೆ. ನಾವು ಬರುವ ದಾರಿ ಮಾತ್ರ ಚೆನ್ನೈ ಕಾನ್ಸುಲೇಟಿನಲ್ಲಿ ಗಾಜಿನ ಹಿಂದೆ ಕೂತು ವೀಸಾ ಕೊಡುವವರಿಗೆ ಬಿಟ್ಟದ್ದು. ಅವರ ಸೀಟಿನ ಕೆಳಗೆ ಅಕ್ಷತೆ ಇಡಲು ಆಗುವುದಿಲ್ಲವಲ್ಲ!