ಗಾಡಿ ಹತ್ತದ ಹರಕೆ

ಈ ಭಾನುವಾರ ಬೆಳಿಗ್ಗೆ ಸಾತನೂರು ರಸ್ತೆಯಲ್ಲಿ ನಡೆಯುತ್ತಿದ್ದೆ. ಬೆನ್ನ ಹಿಂದೆ ಮೊಪೆಡ್ಡಿನ ಹೊಗೆ ವಾಸನೆ ಬಂತು. ಆ ವಾಸನೆ ಮೂಗಿಗೆ ಬಡಿದರೆ ಮುಂದಿನ ಮಾತು ನನಗೆ ಬಾಯಿಪಾಠ. "ಯಾಕ್ ಮೇಷ್ಟ್ರೇ, ಗಾಡಿ ಕೆಟ್ಟೋಯ್ತಾ? ಹತ್ತಿ, ಹತ್ತಿ!" ಯಾರೋ ಹಾಲಿನವನು ಮುಂದೆ ಸರಿದು ಅರ್ಧ ಸೀಟು ಬಿಟ್ಟುಕೊಟ್ಟ. ಅವನು ಹಾಗೇ ನಿಂತಿರಲಿ. ಅಷ್ಟರೊಳಗೆ ನಿಮಗೆ ಫಿಯೋನಾ ಮೇಡಂ ವಿಷಯ ಹೇಳಿಬಿಡುತ್ತೇನೆ.

ಐರ್ಲೆಂಡಿನಿಂದ ನಮ್ಮ ಶಾಲೆಗೆ ಒಂದು ವರ್ಷ ಇಂಗ್ಲಿಷ್ ಕಲಿಸಲು ಬಂದವರು ಅವರು. ನಾನು ಅಲ್ಲೇ ಕನ್ನಡ ಮೇಷ್ಟ್ರು. ಬಿಡುವಿನಲ್ಲಿ ಎಲ್ಲರನ್ನೂ ಅಣಕಿಸುವ ಗೌರವ ಹುದ್ದೆಯೂ ನನ್ನದೇ. ಹೆಡ್‌ಮಾಸ್ಟರರ ಕೆಮ್ಮು, ಗಣಿತದವರ ಆಕಳಿಕೆ ಹಳತಾಗಿದ್ದವು. ಮೇಡಂ ಬಂದ ಮೇಲೆ ಹೊಸ ಐಟಂ ಸಿಕ್ಕಿತು: ಕೊಕ್ಕರೆಯಂತೆ ಕತ್ತು ಚಾಚಿ, ದಾಪುಗಾಲು ಹಾಕಿ, ಹುಳ ಕಂಡರೂ ನಿಂತು "ಓಹ್, ಲವ್ಲಿ!" ಅನ್ನುವ ನಡಿಗೆ. ಸ್ಟಾಫ್‌ರೂಮು ಬಿದ್ದು ಬಿದ್ದು ನಗುತ್ತಿತ್ತು. ಒಮ್ಮೆ ಬಾಗಿಲಲ್ಲಿ ನಿಂತು ನೋಡಿದ ಹೆಡ್‌ಮಾಸ್ಟರು, "ಇಷ್ಟು ಚೆನ್ನಾಗಿ ನಡೀತೀರಲ್ಲ, ಭಾನುವಾರ ಅವರ ಜೊತೆ ಬೆಟ್ಟಕ್ಕೆ ನೀವೇ ಹೋಗಿ" ಎಂದು ಅಪ್ಪಣೆ ಕೊಡಿಸಿದರು.

ಮೇಡಂ ಆಸೆ ಒಂದೇ: ಶಾಲೆಯ ಗೇಟಿನಿಂದ ಬಸಪ್ಪನ ಬೆಟ್ಟದ ತುದಿಯವರೆಗೆ, ಗಿಡ, ಹಕ್ಕಿ, ಬಂಡೆ ನೋಡುತ್ತಾ, ಪೂರ್ತಿ ನಡೆದೇ ಹೋಗಬೇಕು. ನಮ್ಮ ಕಡೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ಯಾರಾದರೂ ನಡೆಯುವುದನ್ನು ಕಂಡರೆ ನಮ್ಮವರಿಗೆ ಕರುಳು ಕಿವುಚುತ್ತದೆ. "ಬೇಡ" ಅಂದರೆ ಸಂಕೋಚ. ಮತ್ತೆ "ಬೇಡ" ಅಂದರೆ ಸಂಸ್ಕಾರ. ಮೂರನೆಯ ಸಲಕ್ಕೆ ಕೈ ಹಿಡಿದು ಎಳೆದು ಕೂರಿಸಿಕೊಳ್ಳುತ್ತಾರೆ. ಒಂದು ವಾರ ಹಿಪ್ಪುನೇರಳೆ ಸೊಪ್ಪಿನ ಟ್ರ್ಯಾಕ್ಟರ್ ನಮ್ಮನ್ನು ಹೇರಿಕೊಂಡು ಹೋಯಿತು. ಇನ್ನೊಂದು ವಾರ ವ್ಯಾನಿನವರು ಸೀದಾ ಬೀಗರ ಊಟಕ್ಕೇ ಕರೆದೊಯ್ದರು. ನವಿಲು ನೋಡಹೊರಟ ಮೇಡಂ ನಾಟಿಕೋಳಿ ತಿಂದು ಬಂದರು. ನಾನಂತೂ ಎರಡು ಸಲ ಬಡಿಸಿಕೊಂಡೆ.

ಅವರು ತಮ್ಮ ದೇಶಕ್ಕೆ ಹೊರಡುವ ಹಿಂದಿನ ಭಾನುವಾರ ಗೇಟಿನಲ್ಲೇ ನನ್ನನ್ನು ತಡೆದರು. "ಇವತ್ತು ಕೊನೆ. ನನ್ನ ಕಾಲು ಮಾತ್ರ. ದಯವಿಟ್ಟು." ಕಣ್ಣಲ್ಲಿ ನೀರಿತ್ತು. ಅಣಕಿಸಲು ಏನೂ ಸಿಗದ ಮುಖ.

ಸ್ವಲ್ಪ ದೂರ ಹೋಗಿದ್ದೆವು, ಅಷ್ಟರಲ್ಲೇ ಮೊಪೆಡ್ ಬಂತು. ಸಿದ್ದೇಗೌಡಣ್ಣ, ನಾನು ಚಡ್ಡಿ ಹಾಕುವ ಕಾಲದಿಂದ ನನ್ನನ್ನು ಬಲ್ಲವನು. "ಯಾಕವ್ವ ನಡೀತಿದ್ದೀಯ? ನಾವೇನ್ ಸತ್ತೋಗಿದ್ದೀವಾ? ಹತ್ತವ್ವ!" ಕೈ ಹಿಡಿಯಲು ಇಳಿದೇಬಿಟ್ಟ.

"ಹರಕೆ ಕಣಣ್ಣ," ಅಂದೆ. "ಬಸಪ್ಪಂಗೆ. ಗಾಡಿ ಹತ್ತಂಗಿಲ್ಲ."

ಎಂಜಿನ್ ಆರಿತು. ಗೌಡಣ್ಣ ತಲೆಯ ಟವೆಲ್ ತೆಗೆದು ಕೈಮುಗಿದ. ಆಮೇಲೆ ಅವನ ಕಣ್ಣು ಮೇಡಂ ಕಾಲಿಗೆ ಇಳಿಯಿತು. "ಹರಕೆ ಅಂತೀಯ, ಬೂಟ್ ಹಾಕವ್ರೆ?"

"ಹರಕೆ ನಂದು ಕಣಣ್ಣ. ಅವರು ಸುಮ್ನೆ ಜೊತೆಗೆ ಬಂದವ್ರೆ."

"ನಿಂದಾ? ಮತ್ತೆ ನೀನ್ಯಾಕ್ಲಾ ಮೆಟ್ಕೊಂಡಿದ್ದೀಯ? ಬುಡ್ಲಾ ಚಪ್ಲೀನ!"

ನನ್ನ ಚಪ್ಪಲಿ ಅವನ ಹ್ಯಾಂಡಲ್ಲಿಗೆ ನೇತುಬಿದ್ದು ಮುಂದೆ ಹೋದವು. ದಾರಿಯುದ್ದಕ್ಕೂ ಅವನು ಸಾರಿದ್ದನೋ ಏನೋ, ಬಂದ ಗಾಡಿಗಳೆಲ್ಲ ನಿಧಾನಿಸಿ, ನನಗೆ ಕೈಮುಗಿದು, ಮುಂದೆ ಹೋದವು. ಒಬ್ಬರೂ ಹತ್ತಿ ಅನ್ನಲಿಲ್ಲ. ಮೇಡಂ ಮೊದಲ ಸಲ ಮನಸಾರೆ ನಡೆದರು; ಬಂಡೆ ಸವರಿದರು, ಹೂವಿನ ಮುಂದೆ ಕೂತರು. ಮೇಲೆ ರಣಹದ್ದೊಂದು ಸುತ್ತುತ್ತಿತ್ತು. "ಓಹ್, ಲವ್ಲಿ!" ಅಂದರು. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಿದ್ದ ನನ್ನ ಮೇಲೇ ಅದಕ್ಕೆ ಕಣ್ಣಿದ್ದಂತಿತ್ತು.

ತುದಿ ಮುಟ್ಟಿ ಮೇಡಂ ಸುತ್ತಲೂ ಕಣ್ತುಂಬ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸೊಂಟಕ್ಕೆ ಕೈಯಿಟ್ಟು, ಒಂದು ಕಾಲೆತ್ತಿ, ಮುಖ ಹಿಂಡಿ ಕೂಗಿದರು: "ಅಯ್ಯೋ ನಮ್ಮವ್ವಾ, ಸತ್ತೆ ಕಣಣ್ಣೋ!" ಥೇಟ್ ನನ್ನದೇ ದನಿ. ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ನನ್ನ ಅಣಕ ನೋಡಿದ್ದು ಹೆಡ್‌ಮಾಸ್ಟರೊಬ್ಬರೇ ಅಲ್ಲ ಎಂದು ನನಗೆ ಆಗ ಗೊತ್ತಾಯಿತು.

ಇತ್ತ ಸಾತನೂರು ರಸ್ತೆಯಲ್ಲಿ ಮೊಪೆಡ್ಡಿನ ಹಾಲಿನವನು ಇನ್ನೂ ಕಾಯುತ್ತಿದ್ದ. ಬೇಡ ಅಂದೆ. ಮತ್ತೆ ಬೇಡ ಅಂದೆ. ಅವನು ಸ್ಟ್ಯಾಂಡ್ ಹಾಕಿ ಇಳಿದ. ಸುಮ್ಮನೆ ಹಕ್ಕಿ ನೋಡಲು ಬಂದಿದ್ದೇನೆ ಎಂದು ನಮ್ಮೂರಿನವರಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. "ಹರಕೆ ಕಣಣ್ಣ," ಅಂದೆ. ಅವನ ಕಣ್ಣು ಕೆಳಗಿಳಿಯುವ ಮೊದಲೇ ಬಗ್ಗಿ ಶೂಗಳ ಲೇಸು ಬಿಚ್ಚತೊಡಗಿದೆ.