ಸಂಪ್ ತೊಳೆದ ಭಾನುವಾರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಶನಿವಾರ ಸಂಜೆ ಅದು ತಿರುಗಿದ್ದು ನೀರಿನ ಮೋಟರಿನ ಮೇಲೆ.

ಬಸವೇಶ್ವರನಗರದ ನಮ್ಮ ಮನೆಯ ದೀಪ, ಗೀಸರ್, ಮೋಟರ್ ಎಲ್ಲವನ್ನೂ ನಾನೇ ಒಂದು ಸಣ್ಣ ಕಂಪ್ಯೂಟರಿನ ಸುಪರ್ದಿಗೆ ಕೊಟ್ಟಿದ್ದೆ. ಮೇಲಿನ ಟ್ಯಾಂಕ್ ಇಳಿದರೆ ಮೋಟರ್ ತಾನೇ ಆನ್ ಆಗಬೇಕು, ತುಂಬಿದರೆ ತಾನೇ ನಿಲ್ಲಬೇಕು. ಗೋಡೆಯ ಸ್ವಿಚ್ ಕಿತ್ತು ಒಂದು ಬಟನ್ ಕೂರಿಸಿದ್ದೆ. ಒತ್ತಿದರೆ ಅದು ಕಂಪ್ಯೂಟರಿಗೆ ಹೇಳುತ್ತಿತ್ತು, ಅಷ್ಟೇ. ನಾಲ್ಕು ವರ್ಷ ಚೆನ್ನಾಗಿಯೇ ನಡೆದಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನ ಹಾಗೆ, ಆ ಹಳೆಯ ನಿಯಮಗಳನ್ನೆಲ್ಲ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಹೊಸದಾಗಿ ಬರೆಯಲು ಕೂತೆ.

ದೀಪ ಹತ್ತಿತು, ಗೀಸರ್ ಕಾಯಿತು. ಮೋಟರ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೂರು ಗಂಟೆ ಹುಡುಕಿದೆ. ತಡೆಯುತ್ತಿದ್ದದ್ದು ಒಂದೇ ಸಾಲು: ಯಾರಾದರೂ ಬಟನ್ ಒತ್ತಿ ಆಫ್ ಮಾಡಿದರೆ ಎರಡು ಗಂಟೆ ಮೋಟರ್ ಮುಟ್ಟಬೇಡ. ಯಾರೂ ಒತ್ತದಿದ್ದರೂ ಹೊಸ ಪ್ರೋಗ್ರಾಂ ಒತ್ತಿದ್ದಾರೆ ಎಂದೇ ತಿಳಿಯುತ್ತಿತ್ತು. ಯಾವ ಪುಣ್ಯಾತ್ಮ ಬರೆದನೋ ಇದನ್ನು ಎಂದು ಬೈದು, ಸರಿಮಾಡುವ ತಾಳ್ಮೆಯಿಲ್ಲದೆ, ಸಾಲನ್ನೇ ಅಳಿಸಿಬಿಟ್ಟೆ. ಬರೆದವನು ನಾನೇ. ಮೋಟರ್ ಗುರ್ ಎಂದಿತು. ಗೆದ್ದೆ ಎಂದು ಮೇಜು ಗುದ್ದಿದೆ.

ಮರುದಿನ ಕಾವೇರಿ ನೀರು ಬಿಡುವ ದಿನವಲ್ಲ. ಅಂಥ ಭಾನುವಾರ ನೋಡಿಯೇ ಅಣ್ಣ ನೆಲದಡಿಯ ಸಂಪ್ ತೊಳೆಯುವುದು. ಸುಂಕದಕಟ್ಟೆಯಲ್ಲಿ ಲೇತ್ ನಡೆಸುವ ಅವನಿಗೆ ಇಂಥ ಕೆಲಸಕ್ಕೆ ಬೇರೆಯವರನ್ನು ಕರೆಯುವುದೆಂದರೆ ಅವಮಾನ. ಬಟನ್ ಒತ್ತಿ, "ಮೋಟ್ರು ಆಫ್ ಮಾಡಿದೀನಿ ಕಣೋ" ಎಂದು ಕೂಗಿ ಹೇಳಿ, ಮೊಣಕಾಲುದ್ದದ ನೀರಿಗೆ ಇಳಿದ. ಅತ್ತಿಗೆ ಮೇಲಿನ ಟ್ಯಾಂಕಿನ ನಲ್ಲಿಗೆ ಪೈಪ್ ಸಿಕ್ಕಿಸಿ ಅವನಿಗೆ ನೀರು ಬಿಡುತ್ತಿದ್ದರು. ಟ್ಯಾಂಕ್ ಇಳಿಯಿತು. ನನ್ನ ಪ್ರೋಗ್ರಾಂ ತನ್ನ ಕೆಲಸ ಮಾಡಿತು. ನೀರಿನೊಳಗೇ ಇರುವ ಮೋಟರ್ ಅದು, ವೈರಿನ ಜಾಯಿಂಟ್ ಸವೆದಿತ್ತು.

ಅಣ್ಣ ಕೂಗಲಿಲ್ಲ. ಗಂಟಲಿನಿಂದ ಗೊರಗೊರ ಸದ್ದು ಬಂತು. ಓಡಿ ಬಂದು ಬಗ್ಗಿ ನೋಡಿದರೆ ಮೈ ಸೆಟೆದು, ತಲೆ ಸಂಪಿನ ಗೋಡೆಗೆ ಬಡಿಯುತ್ತಲೇ ಇತ್ತು. ಗೋಡೆಯ ಮೇಲೆ ರಕ್ತ ಇಳಿಯುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಜೇಬಿನಿಂದ ಫೋನ್ ತೆಗೆದು ಆಫ್ ಒತ್ತಿದೆ. ಪರದೆಯ ಮೇಲೆ ಚಕ್ರ ಸುತ್ತುತ್ತಾ ನಿಂತಿತು. ಅತ್ತಿಗೆ ಪೈಪ್ ಎಸೆದು, ನನ್ನನ್ನು ನೂಕಿ, ಮೀಟರ್ ಬೋರ್ಡಿನ ಮೇನ್ ಸ್ವಿಚ್ ಎಳೆದರು.

ಇಬ್ಬರೂ ಸೇರಿ ಅವನನ್ನು ಮೇಲಕ್ಕೆ ಎಳೆದು ಹಾಕಿದೆವು. ಉಸಿರಿತ್ತು. ಅಂಗೈ ಸುಟ್ಟು ಕಪ್ಪಾಗಿತ್ತು. ಉಸಿರಿದೆ ಎಂದು ಖಾತ್ರಿಯಾದ ಮೇಲೆ ಅತ್ತಿಗೆ ವೈಪರಿನ ಕೋಲು ಎತ್ತಿ ನನ್ನ ಮುಖಕ್ಕೆ ಬೀಸಿದರು. ಹುಬ್ಬು ಸೀಳಿತು.

"ಒಂದ್ ಸ್ವಿಚ್ಚಿತ್ತಲ್ಲೋ ಈ ಮನೇಲಿ. ಆಫ್ ಅಂದ್ರೆ ಆಫ್ ಆಗ್ತಿತ್ತಲ್ಲೋ."

ಭುಜ, ಬೆನ್ನು ಎಂದು ನೋಡದೆ, ಕೋಲು ಮುರಿಯುವವರೆಗೂ ಬಡಿದರು. ನಾನು ಕೈ ಅಡ್ಡ ಹಿಡಿಯಲಿಲ್ಲ. ಆ ಹೊಡೆತ ನನಗೆ ಬೇಕಾಗಿತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎನ್ನುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನೆನಪಾಯಿತು: ಆ ಸಾಲನ್ನು ನಾನು ಬರೆದಿದ್ದೇ ಸಂಪ್ ತೊಳೆಯುವ ದಿನಕ್ಕೆಂದು. ಮನೆಗೆ ಬಂದು ಆ ಕಂಪ್ಯೂಟರನ್ನು ಅಣ್ಣನ ಸುತ್ತಿಗೆಯಿಂದ ಪುಡಿಪುಡಿಯಾಗುವಂತೆ ಜಜ್ಜಿದೆ. ನನ್ನ ಮೇಲಿನ ಸಿಟ್ಟು ಅದರಿಂದ ಒಂದಿಷ್ಟೂ ಇಳಿಯಲಿಲ್ಲ.

ಹದಿನೈದು ದಿನದ ಮೇಲೆ, ಕೈಗೆ ಬ್ಯಾಂಡೇಜ್ ಇರುವಾಗಲೇ, ಅಣ್ಣ ಸಂಪಿನ ಮುಚ್ಚಳ ತೆಗೆಸಿದ. ಅಷ್ಟರಲ್ಲಿ ಮೋಟರಿನ ವೈರ್ ಬದಲಾಗಿತ್ತು, ಗೋಡೆಗೆ ಹಳೇ ತರಹದ ಸ್ವಿಚ್ ಬಂದಿತ್ತು.

"ಅರ್ಧ ಹಾಗೇ ಉಳ್ಕೊಂಡಿದೆ. ಈಗ ನೀನು ಇಳಿ. ಸ್ವಿಚ್ ಹತ್ರ ನಾನ್ ನಿಂತಿರ್ತೀನಿ," ಎಂದ.

ಇಳಿದೆ. ನೀರು ಮೊಣಕಾಲಿಗೆ ಬಂತು. ಅಣ್ಣ ಸ್ವಿಚ್ ಹಾಕುವುದಿಲ್ಲ ಎಂದು ಗೊತ್ತು. ಆದರೂ ಮೇಲೆ ಅವನ ಚಪ್ಪಲಿ ಸರಿದ ಸದ್ದಾದಾಗಲೆಲ್ಲ ಬ್ರಶ್ ನಿಲ್ಲಿಸಿ ತಲೆ ಎತ್ತುತ್ತಿದ್ದೆ. ನಾಚಿಕೆಯಾಯಿತು. ನನ್ನನ್ನು ನಂಬಿ ಇಲ್ಲಿ ಇಳಿದ ದಿನ ಅವನಿಗೆ ಇಷ್ಟು ಹೆದರಿಕೆಯೂ ಇದ್ದಿರಲಿಕ್ಕಿಲ್ಲ.